ಮಂಚ ಹೋಗುವಷ್ಟು ದಾರಿ

ಬಿಜೂರಿನ ನಮ್ಮ ಕೇರಿಯ ಅಂಗನವಾಡಿ ಟೀಚರ್ ಎರಡೂ ಕೈ ಚಾಚಿಕೊಂಡು ಓಣಿಗಳಲ್ಲಿ ನಡೆಯುತ್ತಿದ್ದರು. ನೆರೆ ಬಂದರೆ ಯಾರನ್ನು ಯಾವ ದಾರಿಯಲ್ಲಿ ಸಾಗಿಸಬೇಕೆಂದು ಪಂಚಾಯಿತಿಗೆ ನಕ್ಷೆ ಬರೆದುಕೊಡುವ ಕೆಲಸ ಅವರಿಗೆ ಬಿದ್ದಿತ್ತು. ಅಳತೆಗೆ ಕೈಗಳೇ ಟೇಪು.

“ಹ್ವಾಯ್ ಟೀಚರೇ, ಹಾರುಕೆ ಹೊರಟ್ರ್ಯಾ?” ಎಂದು ನಾನು ಜಗಲಿಯಿಂದ ಕೂಗುತ್ತಿದ್ದೆ.

“ಮಂಚ ಹೋಯ್ಕಲ್ದಾ?” ಎನ್ನುತ್ತಿದ್ದರು. ಯಾರು ಕೇಳಿದರೂ ಅದೇ ಮಾತು, ಓಣಿ ಮಂಚ ಹೋಗುವಷ್ಟು ಅಗಲ ಇರಬೇಕೆಂದು. ನನ್ನ ಮನೆಯ ಹಿಂದಿನ ಅವರ ಮನೆಯಲ್ಲಿ, ಸೊಂಟ ಮುರಿದ ತಾಯಿ ಮಲಗಿದಲ್ಲೇ ಇದ್ದರು.

ನಾನು ಕಂಪೌಂಡ್ ಕಟ್ಟಿಸುವಾಗ ಓಣಿಗೆ ಒಂದು ಮೊಳ ಮುಂದೆ ಬಂದೆ. ಟೀಚರ್ ಬಂದು ನಿಂತರು. ಚಾಚಿದ ಒಂದು ಕೈ ಕಲ್ಲಿಗೆ ತಾಗಿ ಮಡಚಿಕೊಂಡಿತು.

“ಒಂಚೂರ್ ಹಿಂದೆ ಕಟ್ಸಿ. ನಾಳೆ ನಿಮ್ಗೂ ಬೇಕಾತ್ತ್.”

“ನಮ್ಮನಿಯಂಗೆ ಮಲ್ಗಿದವ್ರ್ ಯಾರೂ ಇಲ್ಲೆ,” ಎಂದೆ.

ಮರುವರ್ಷ ಆಷಾಢದ ಒಂದು ಬೆಳಿಗ್ಗೆ ಹೊಳೆ ಕೇರಿಗೆ ನುಗ್ಗಿತು. ಟೀಚರೂ ನೆರೆಮನೆಯ ಮೂವರೂ ತಾಯಿಯ ಮಂಚ ಹೊತ್ತು ಬಂದರು. ನನ್ನ ಗೋಡೆಯ ಬಳಿ ಮಂಚ ಸಿಕ್ಕಿಕೊಂಡಿತು. ವಾರೆ ಮಾಡಿದರೆ ಮುದುಕಿ ಜಾರುತ್ತಿದ್ದರು. ನಾನು ಜಗಲಿಯಲ್ಲಿ ನಿಂತು ನೋಡಿದೆ. ಅವರು ಹಿಂದೆ ತಿರುಗಿ, ಗದ್ದೆಯಂಚಿನ ಸುತ್ತುದಾರಿ ಹಿಡಿದರು. ಅಲ್ಲಿ ನೀರು ಎದೆಮಟ್ಟ ಏರಿ ಮಂಚ ಮಗುಚಿತು. ತಾಯಿಯ ಹೆಣ ಸಿಕ್ಕಿದ್ದು ಸಂಜೆಗೆ.

ಬೈಂದೂರಿನಿಂದ ಬಂದ ಅಧಿಕಾರಿ, ಓಣಿಯಲ್ಲೇ ಏಕೆ ಬರಲಿಲ್ಲವೆಂದು ಟೀಚರನ್ನು ಕೇಳಿದರು. ಅವರು ಬಾಯಿ ತೆರೆಯುವ ಮೊದಲೇ ನಾನು, “ಓಣಿಯಂಗೆ ಆಳ್ ಮುಳ್ಗುವಷ್ಟ್ ನೀರಿತ್ತ್ ಸಾರ್,” ಎಂದೆ. ಟೀಚರ್ ನನ್ನನ್ನೇ ನೋಡಿದರು. ಅಧಿಕಾರಿ ಬರೆದುಕೊಂಡರು.

ಮಂಚ ಸಿಕ್ಕಿಕೊಂಡ ಹೊತ್ತಿಗೆ ಓಣಿಯಲ್ಲಿ ನೀರು ಮೊಣಕಾಲಿನವರೆಗೂ ಬಂದಿರಲಿಲ್ಲ.