ಪೂಜೆಗಿಟ್ಟ ಮೈಕ್ರೋಸ್ಕೋಪು

ಜೀವಕೋಶದ ಪಾಠವನ್ನು ನಾನು ವರ್ಷಾನುಗಟ್ಟಲೆ ಮಾಡಿದ್ದೇನೆ. ಕೋಶಪೊರೆ, ಕೋಶದ್ರವ್ಯ, ಕೋಶಕೇಂದ್ರ ಎಂದು ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡಿನ ತುಂಬ ಬಿಡಿಸಿದ್ದೇನೆ. ನೋಡಿ ಬರೆದವರಿಗೆ ಅಂಕ ಕೊಟ್ಟಿದ್ದೇನೆ, ಬರೆಯದವರನ್ನು ಬೈದಿದ್ದೇನೆ. ಆದರೆ ಒಂದೇ ಒಂದು ಜೀವಕೋಶವನ್ನೂ ಕಣ್ಣಾರೆ ಕಂಡಿರಲಿಲ್ಲ. ನಾನು ಕಾಲೇಜಿನಲ್ಲಿ ಓದಿದ್ದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ. ನಾನು ಆಲೂರಿನಿಂದ ಬಸ್ಸು ಹಿಡಿದು ಹೋಗಿ ಬರುವ ನಮ್ಮ ಹೈಸ್ಕೂಲಿನಲ್ಲಿ ವಿಜ್ಞಾನಕ್ಕೆ ಇರುವವಳು ನಾನೊಬ್ಬಳೇ. ಜೀವಶಾಸ್ತ್ರ ನನಗೆ ಬಾರದು ಎಂದು ಸೇರಿದ ಹೊಸತರಲ್ಲೇ ಹೆಡ್‌ಮಾಸ್ಟರಿಗೆ ಹೇಳಿದ್ದೆ. ಅವರು ಕನ್ನಡದ ಮೇಷ್ಟ್ರು. "ಸೈನ್ಸ್ ಅಂದ್ಮೇಲೆ ಎಲ್ಲಾ ಸೈನ್ಸೇ ತಾನೆ ಮೇಡಂ" ಎಂದು ತೀರ್ಪು ಕೊಟ್ಟು ಕನ್ನಡಕ ಒರೆಸಿಕೊಂಡರು. ಸಮಾಜದ ಮೇಷ್ಟ್ರು ವರ್ಗವಾಗಿ ಹೋದ ಮೇಲೆ ಭೂಗೋಳವೂ ನನ್ನ ತಲೆಗೇ ಬಂತು. ಭೂಮಿಯ ಗರ್ಭದಿಂದ ಹಿಡಿದು ಜೀವಕೋಶದವರೆಗೆ ಈ ಜಗತ್ತಿನಲ್ಲಿ ಏನೇನಿದೆಯೋ ಎಲ್ಲಕ್ಕೂ ನಮ್ಮ ಶಾಲೆಯಲ್ಲಿ ನಾನೇ ಜವಾಬ್ದಾರಳು.

ಭೂಮಿಯ ಒಳರಚನೆಗೆ ನನ್ನದೊಂದು ಉಪಾಯವಿತ್ತು. ಪುಸ್ತಕದಲ್ಲಿ ಭೂಮಿಯನ್ನು ಕಲ್ಲಂಗಡಿಯ ಹಾಗೆ ಹೆಚ್ಚಿ ಕೆಂಪು ಹಳದಿ ಬಳಿದಿರುತ್ತಾರೆ. ಆ ಚಿತ್ರ ನೋಡಿದರೇ ನನಗೆ ನಿದ್ದೆ ಬರುತ್ತದೆ. ಅದರ ಬದಲು ನಾನು ಒಂದು ಹಿಡಿ ಕಾಫಿ ಹಣ್ಣು ತಂದು ಎಂಟನೇ ತರಗತಿಗೆ ಹಂಚುತ್ತಿದ್ದೆ. ಕೆಂಪು ಸಿಪ್ಪೆ ಭೂಕವಚ, ಅದರ ಕೆಳಗಿನ ಲೋಳೆ ಮ್ಯಾಂಟಲ್, ನಡುವಿನ ಬೀಜ ಕೇಂದ್ರಗೋಳ. ಕಾಫಿ ತೋಟದಲ್ಲಿ ಹುಟ್ಟಿದ ಮಕ್ಕಳಿಗೆ ಇದಕ್ಕಿಂತ ಸಲೀಸಾಗಿ ಹೇಳಲು ಸಾಧ್ಯವಿಲ್ಲ ಎಂದು ನನಗೆ ಸ್ವಲ್ಪ ಜಂಬವೂ ಇತ್ತು. ಮುಂದಿನ ಬೆಂಚಿನಲ್ಲಿ ಒಬ್ಬಳು ಹುಡುಗಿ, ಬಾಯಿ ಜೋರು, ಹಣ್ಣು ಹಿಸುಕಿ ನೋಡಿ ಎದ್ದು ನಿಂತಳು.

"ಮಿಸ್, ಇದ್ರಲ್ಲಿ ಎರಡು ಬೀಜ ಐತೆ. ಭೂಮಿ ಒಳಗೂ ಎರಡೈತಾ?"

"ಇಲ್ಲ. ಭೂಮಿಗೆ ಒಂದೇ."

"ಯಾರ್ ನೋಡವ್ರೆ ಮಿಸ್?"

ಯಾರೂ ನೋಡಿಲ್ಲ, ನೋಡಲಾಗುವುದೂ ಇಲ್ಲ, ಭೂಕಂಪದ ಅಲೆಗಳು ಒಳಗೆ ಹೇಗೆ ಬಾಗಿ ಬರುತ್ತವೆ ಎಂದು ಲೆಕ್ಕ ಹಾಕಿ ತಿಳಿದದ್ದು ಎಂದು ವಿವರಿಸಿದೆ. ಇದು ನನ್ನ ಭೌತಶಾಸ್ತ್ರ, ಮಾತು ತಡವರಿಸಲಿಲ್ಲ. ಹುಡುಗಿ ಒಪ್ಪಿದಳು. ಒಪ್ಪಿದವಳು ಕೂರಬೇಕೋ ಬೇಡವೋ?

"ಹಂಗಾದ್ರೆ ಜೀವಕೋಶಾನೂ ಯಾರೂ ನೋಡಿಲ್ವಾ?"

"ಅದನ್ನ ನೋಡಬಹುದು. ಮೈಕ್ರೋಸ್ಕೋಪಿನಲ್ಲಿ."

"ನೀವು ನೋಡಿದೀರಾ ಮಿಸ್?"

ಪುಸ್ತಕ ತೆಗೆದು ಓದು ಎಂದು ಗದರಿದೆ. ಆ ದಿನವೆಲ್ಲ ನನಗೆ ಮೈ ಉರಿಯುತ್ತಿತ್ತು. ಭೂಮಿಯ ಗರ್ಭ ಕಾಣದಿದ್ದರೆ ಅದು ಯಾರ ತಪ್ಪೂ ಅಲ್ಲ, ಅಷ್ಟು ಆಳ ಹೋದವರಿಲ್ಲ. ಜೀವಕೋಶ ನೋಡಲು ಬೇಕಾಗಿದ್ದು ಒಂದು ಈರುಳ್ಳಿ ಮತ್ತು ಒಂದು ಮೈಕ್ರೋಸ್ಕೋಪು. ಈರುಳ್ಳಿ ಬಿಸಿಯೂಟದ ಅಡುಗೆಮನೆಯಲ್ಲಿತ್ತು. ಮೈಕ್ರೋಸ್ಕೋಪು ಹೆಡ್‌ಮಾಸ್ಟರ ಕೋಣೆಯ ಬೀರುವಿನಲ್ಲಿತ್ತು.

ಅದು ಬಂದ ಕಥೆಯನ್ನೂ ಹೇಳಬೇಕು. ಪಕ್ಕದ ದೊಡ್ಡ ಎಸ್ಟೇಟಿನ ಸಾಹುಕಾರರು ಅದನ್ನು ಶಾಲೆಗೆ ದಾನ ಕೊಟ್ಟಿದ್ದರು. ಶಾಮಿಯಾನ ಹಾಕಿಸಿ, ಮಕ್ಕಳನ್ನು ಬಿಸಿಲಲ್ಲಿ ಕೂರಿಸಿ, ಸಾಹುಕಾರರಿಗೆ ಪೇಟ, ಶಾಲು, ಹಾರ ಎಲ್ಲ ಆಯಿತು. ಮೈಕ್ರೋಸ್ಕೋಪಿಗೂ ಒಂದು ಸಣ್ಣ ಹಾರ ಹಾಕಿದ್ದರು. ಬುಡದಲ್ಲಿ ದಾನಿಯ ಹೆಸರಿನ ಹಿತ್ತಾಳೆ ಪಟ್ಟಿ. ಸೂಕ್ಷ್ಮವಾದದ್ದನ್ನು ನೋಡುವ ಯಂತ್ರದ ಮೇಲೆ ಅಷ್ಟು ದಪ್ಪ ಅಕ್ಷರ ಯಾಕೆ ಬೇಕಿತ್ತೋ ಅವರಿಗೇ ಗೊತ್ತು. ಸಾಹುಕಾರರು ವಿಜ್ಞಾನದ ಮಹತ್ವದ ಬಗ್ಗೆ ಮಾತಾಡಿದರು, ಹೆಡ್‌ಮಾಸ್ಟರು ಸಾಹುಕಾರರ ಮಹತ್ವದ ಬಗ್ಗೆ ಮಾತಾಡಿದರು. ಮಾತು ಮುಗಿಯುವ ಹೊತ್ತಿಗೆ ಮಕ್ಕಳು ಹಸಿದು ಕಂಗಾಲಾಗಿದ್ದರು. ಕಾರು ಗೇಟು ದಾಟಿದ್ದೇ ತಡ, ಹೆಡ್‌ಮಾಸ್ಟರು ಅದನ್ನು ನೀಲಿ ವೆಲ್ವೆಟ್ ಬಟ್ಟೆಯಲ್ಲಿ ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಕವರು ಕಟ್ಟಿ ಬೀರುವಿನಲ್ಲಿಟ್ಟು ಬೀಗ ಜಡಿದರು.

ನಾನು ಕೇಳಿದಾಗಲೆಲ್ಲ ಒಂದೇ ಉತ್ತರ. "ಮಕ್ಳು ಬೀಳಿಸ್ಬುಟ್ರೆ ಯಾರು ಜವಾಬ್ದಾರಿ ಮೇಡಂ? ಬೆಲೆ ಬಾಳೋ ವಸ್ತು."

"ನಾನೇ ಜವಾಬ್ದಾರಿ ಸಾರ್."

"ನೀವು ಇವತ್ತಿರ್ತೀರಿ, ನಾಳೆ ವರ್ಗ ಆಗ್ತೀರಿ."

ವರ್ಷಕ್ಕೊಮ್ಮೆ ಮಾತ್ರ ಅದಕ್ಕೆ ಬಿಡುಗಡೆ. ನಮ್ಮಲ್ಲಿ ದಸರಾ ರಜೆ ಕೊಡುವ ಮೊದಲೇ ಆಯುಧಪೂಜೆ ಮುಗಿಸುತ್ತಾರೆ. ಎಸ್ಟೇಟುಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಕ್ಕೆ, ಜೀಪಿಗೆ, ಔಷಧಿ ಹೊಡೆಯುವ ಪಂಪಿಗೆ ಪೂಜೆ ಆದ ಹಾಗೆ ಇಲ್ಲಿ ಕಂಪ್ಯೂಟರಿಗೆ, ಗಂಟೆಗೆ, ಕೇರಂ ಬೋರ್ಡಿಗೆ, ಗ್ಲೋಬಿಗೆ. ಗ್ಲೋಬಿನ ಮೇಲೆ ಸಮಭಾಜಕ ವೃತ್ತದ ಉದ್ದಕ್ಕೂ ಮೂರು ಎಳೆ ವಿಭೂತಿ, ಶಾಂತ ಸಾಗರದ ಮೇಲೆ ಅಂಗೈಯಗಲ ಕುಂಕುಮ. ಮಧ್ಯದಲ್ಲಿ ಮೈಕ್ರೋಸ್ಕೋಪು. ಎಲ್ಲಿ ಕಣ್ಣಿಟ್ಟು ನೋಡಬೇಕೋ ಸರಿಯಾಗಿ ಅಲ್ಲಿಗೇ ಗಂಧ ಮೆತ್ತುತ್ತಿದ್ದರು. ಪಲ್ಪರಿಗೆ ಪೂಜೆ ಮಾಡಿದವರು ಮರುದಿನ ಅದನ್ನು ಓಡಿಸುತ್ತಾರೆ, ನಮ್ಮವರು ಮಂಗಳಾರತಿ ಆರುವ ಮುಂಚೆಯೇ ಮತ್ತೆ ವೆಲ್ವೆಟ್ ಸುತ್ತುತ್ತಿದ್ದರು.

ಹೀಗಿರುವಾಗ ಈ ಸಲ ಮಳೆ ಬಿಟ್ಟ ಮೇಲೆ ಸಾಹುಕಾರರಿಂದ ಫೋನು ಬಂತು. ತಮ್ಮ ಕ್ಲಬ್ಬಿನ ಗೆಳೆಯರನ್ನು ಕರೆದುಕೊಂಡು ಬರುತ್ತಾರಂತೆ, ಮಕ್ಕಳು ಮೈಕ್ರೋಸ್ಕೋಪು ನೋಡುತ್ತಿರುವ ಫೋಟೋ ಬೇಕಂತೆ. ನಾನು ಅಷ್ಟು ಗೋಗರೆದರೂ ತೆರೆಯದ ಬೀರು ಒಂದು ಫೋಟೋಗೆ ತೆರೆಯಿತು. "ಇವತ್ತೊಂದಿನ ನಿಮ್ಮದೇ ರಾಜ್ಯ" ಎಂದು ಹೆಡ್‌ಮಾಸ್ಟರು ಗತ್ತಿನಿಂದ ಹೊತ್ತು ತಂದು ಲ್ಯಾಬಿನ ಮೇಜಿನ ಮೇಲಿಟ್ಟರು. ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಿಸಿಯೂಟದ ಅಡುಗೆಮನೆಗೆ ಓಡಿ ಒಂದು ಈರುಳ್ಳಿ ತಂದೆ.

ಗಂಧ ಕುಂಕುಮವನ್ನೆಲ್ಲ ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿದೆ. ಈರುಳ್ಳಿಯ ಒಳಪದರ ಬಿಡಿಸಿ ಗಾಜಿನ ಮೇಲೆ ಹಾಸಿ, ಒಂದು ತೊಟ್ಟು ಅಯೋಡಿನ್ ಬಿಟ್ಟೆ. ಎಂಟನೇ ತರಗತಿಯವರು ಮೇಜಿನ ಸುತ್ತ ಮುತ್ತಿಕೊಂಡಿದ್ದರು. ಕಣ್ಣಿಟ್ಟೆ. ಕಂಡಿತು! ಬೆಳ್ಳನೆಯ ಬೆಳಕಿನಲ್ಲಿ ಕವಲೊಡೆದು ಹಬ್ಬಿದ ಎಳೆಗಳು, ಎಳೆಗೊಂದು ಎಳೆ ಹೆಣೆದುಕೊಂಡ ಬಲೆ. ಆಮೇಲೆ ಅನುಮಾನ ಬಂತು. ಪುಸ್ತಕದಲ್ಲಿ ಈರುಳ್ಳಿಯ ಕೋಶಗಳು ಇಟ್ಟಿಗೆ ಜೋಡಿಸಿದಂತೆ ಇರುತ್ತವೆ. ಗಾಜಿನ ಪಟ್ಟಿಯನ್ನು ಸರಿಸಿದೆ, ಬಲೆ ಅಲ್ಲಾಡಲಿಲ್ಲ. ಕಣ್ಣಿಡುವ ಮಸೂರವನ್ನು ತಿರುಗಿಸಿದೆ, ಬಲೆಯೂ ಅದರ ಜೊತೆ ತಿರುಗಿತು. ಈರುಳ್ಳಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಮಸೂರವನ್ನು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದೆ. ಒಳಗಿನ ಗಾಜಿನ ತುಂಬ ಬೂಷ್ಟು.

ಮಳೆಗಾಲದಲ್ಲಿ ಗೋಡೆಯೇ ಬೆವರುವ ಊರು ನಮ್ಮದು. ಚಪ್ಪಲಿ, ಬೆಲ್ಟು, ಹಪ್ಪಳದ ಡಬ್ಬಿ ಯಾವುದನ್ನೂ ಬೂಷ್ಟು ಬಿಡುವುದಿಲ್ಲ. ಇದನ್ನು ಈ ಜನಕ್ಕೆ ಹೇಳಿಕೊಡಬೇಕೇ? ಹಸಿ ಕಾಫಿಯನ್ನು ಒಂದು ರಾತ್ರಿ ಮೂಟೆ ಕಟ್ಟಿಟ್ಟರೆ ಲೆಕ್ಕ ಬರೆಯುವ ರೈಟರನ ಜನ್ಮ ಜಾಲಾಡುವ ಸಾಹುಕಾರರು, ಮನೆಯ ಮುಂದೆ ಹರಡಿದ ಬೀಜದ ಮೇಲೆ ಮೋಡದ ನೆರಳು ಬಿದ್ದರೂ ಕ್ಲಾಸು ಬಿಟ್ಟು ಮನೆಗೆ ಫೋನು ಮಾಡುವ ಹೆಡ್‌ಮಾಸ್ಟರು. ಒಬ್ಬರು ಕೊಟ್ಟು ಮರೆತರು, ಇನ್ನೊಬ್ಬರು ಗಾಜಿಗೆ ಗಂಧ ಹಚ್ಚಿ, ತೇವದ ಸಮೇತ ಬಟ್ಟೆ ಸುತ್ತಿ, ಪ್ಲಾಸ್ಟಿಕ್ ಕಟ್ಟಿ ಕತ್ತಲಲ್ಲಿಟ್ಟಿದ್ದರು. ಬೇಕೆಂದೇ ಬೂಷ್ಟು ಬೆಳೆಸಲು ಹೊರಟವರೂ ಇಷ್ಟು ಅಚ್ಚುಕಟ್ಟಾಗಿ ಮಾಡುತ್ತಿರಲಿಲ್ಲ.

ಅಷ್ಟರಲ್ಲಿ ಸಾಹುಕಾರರ ಸವಾರಿ ಬಂತು. ಮಸೂರವನ್ನು ಅದರ ಜಾಗಕ್ಕೆ ಕೂರಿಸಿ ಪಕ್ಕಕ್ಕೆ ಸರಿದೆ. ಅವರು ಬಗ್ಗಿ ಒಂದು ಕಣ್ಣು ಮುಚ್ಚಿ ನೋಡಿದರು.

"ಏನ್ ಮಾರಾಯ, ಈರುಳ್ಳಿ ಒಳಗೆ ಇಷ್ಟೆಲ್ಲಾ ಐತಾ! ದೇವ್ರ ಸೃಷ್ಟಿ ನೋಡ್ರಿ" ಎಂದು ಗೆಳೆಯರನ್ನು ಕರೆದರು. ಗೆಳೆಯರೂ ನೋಡಿ ತಲೆದೂಗಿದರು. ಹೆಡ್‌ಮಾಸ್ಟರು ತಾವೇ ಸೃಷ್ಟಿ ಮಾಡಿದವರ ಹಾಗೆ ಕೈ ಕಟ್ಟಿ ನಗುತ್ತಿದ್ದರು.

"ಅದು ಈರುಳ್ಳಿ ಅಲ್ಲ ಸಾರ್, ಬೂಷ್ಟು" ಎಂದೆ. "ನಿಮ್ಮ ಸ್ಟೋರಲ್ಲಿ ಒಣಗದ ಕಾಫಿಗೆ ಹಿಡಿಯುತ್ತಲ್ಲ, ಅದೇ. ಬೀರುವಿನಲ್ಲಿಟ್ಟಿದ್ದಕ್ಕೆ ಹಿಡಿದಿದೆ."

ಫೋಟೋ ತೆಗೆಯುತ್ತಿದ್ದವನ ಕೈ ಕೂಡ ನಿಂತಿತು. ಹೆಡ್‌ಮಾಸ್ಟರ ಮುಖ ನೋಡುವ ಹಾಗಿರಲಿಲ್ಲ. ಸಾಹುಕಾರರು ಮಾತ್ರ ದೊಡ್ಡ ಮನಸ್ಸಿನವರು, ಸಾವರಿಸಿಕೊಂಡರು. "ಹೋಗ್ಲಿ ಬಿಡಿ, ಹೊಸದೊಂದು ಕೊಡ್ಸನ. ಇದು ಪೂಜೆಗೆ ಇರ್ಲಿ" ಎಂದರು. ಫೋಟೋ ತೆಗೆಸಿಕೊಂಡು, ಕಾಫಿ ಕುಡಿದು, ಸಕಲೇಶಪುರದ ಕಡೆ ಹೊರಟುಹೋದರು.

ಹೊಸದು ಬಂದರೂ ಹೊಸ ವೆಲ್ವೆಟ್ ಹೊಲಿಸುತ್ತಾರೆ ಅಷ್ಟೆ. ನನಗೆ ಅಳು ಬರುವಷ್ಟು ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಒಂದು ವಿಷಯ ಹೊಳೆಯಿತು. ಕಣ್ಣಿಡುವ ಮಸೂರವೆಂದರೆ ಕೊನೆಗೂ ಒಂದು ಭೂತಗನ್ನಡಿ. ಕೆಳಗಿನ ಮಸೂರಕ್ಕೆ ಏನೂ ಆಗಿರಲಿಲ್ಲ. ಬೂಷ್ಟು ಹಿಡಿದದ್ದನ್ನು ಕಿತ್ತು ಪಕ್ಕಕ್ಕಿಟ್ಟು, ಭೌತಶಾಸ್ತ್ರದ ಪ್ರಯೋಗಕ್ಕಿದ್ದ ಪೀನ ಮಸೂರವನ್ನು ತಂದು ಕೊಳವೆಯ ಮೇಲೆ ಕೈಯಲ್ಲೇ ಹಿಡಿದೆ. ಮೇಲೆ ಕೆಳಗೆ ಆಡಿಸಿದೆ. ಮಬ್ಬು, ಮಬ್ಬು, ಮತ್ತೂ ಮಬ್ಬು. ಆಮೇಲೆ ಒಮ್ಮೆಗೇ ಇಟ್ಟಿಗೆಯ ಸಾಲುಗಳು ನಿಂತವು. ಗೆರೆ ಎಳೆದ ಹಾಗೆ ಗೋಡೆಗಳು, ಒಂದೊಂದು ಮನೆಯೊಳಗೂ ಕಂದು ಬಣ್ಣದ ಒಂದೊಂದು ಚುಕ್ಕೆ. ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದದ್ದು ಸುಳ್ಳಾಗಿರಲಿಲ್ಲ, ಆದರೆ ಇಷ್ಟು ಚೆಂದವೂ ಆಗಿರಲಿಲ್ಲ.

ಬಾಗಿಲಲ್ಲಿ ಹೆಡ್‌ಮಾಸ್ಟರು ವೆಲ್ವೆಟ್ ಬಟ್ಟೆ ಹಿಡಿದು ನಿಂತಿದ್ದರು. "ಆಯ್ತಾ ಮೇಡಂ? ಬೀಗ ಹಾಕ್ಬೇಕು."

"ಕೋಶ ಕಾಣ್ತಿದೆ ಸಾರ್. ನೀವೂ ಒಂದ್ಸಲ ನೋಡಿ."

"ನಾನ್ಯಾಕೆ ನೋಡ್ಲಿ? ನನ್ನ ಸಬ್ಜೆಕ್ಟ್ ಅಲ್ವಲ್ಲ" ಎಂದರು, ಬೇಸರವಿಲ್ಲದೆ, ನಿಜವಾಗಿಯೂ ಅರ್ಥವಾಗದವರ ಹಾಗೆ. ಅಷ್ಟು ವರ್ಷ ಆ ಮನುಷ್ಯನನ್ನು ಜಿಪುಣ ಅಂದುಕೊಂಡಿದ್ದೆ. ತನಗೇ ಬೇಡವಾದದ್ದನ್ನು ಕಾಯುತ್ತಿದ್ದವನಿಗೆ ಏನೆನ್ನಬೇಕೋ ನನಗೆ ತಿಳಿಯಲಿಲ್ಲ. ಮತ್ತೆ ಕೊಳವೆಯ ಮೇಲೆ ಬಗ್ಗಿದೆ.

ಮುಂದಿನ ಬೆಂಚಿನ ಹುಡುಗಿ ನನ್ನ ಸೆರಗು ಜಗ್ಗಿದಳು. "ಮಿಸ್, ಆಗ್ಲಿಂದ ನೀವೇ ನೋಡ್ತಿದೀರ. ನಮ್ಗೂ ಬಿಡಿ."

"ಸುಮ್ನಿರೇ ಒಂದು ನಿಮಿಷ" ಎಂದು ಗದರಿದೆ, ಮಸೂರದಿಂದ ಕಣ್ಣು ತೆಗೆಯದೆ.