ಉಯ್ಯಂಬಳ್ಳಿಯ ಹಳೆಯ ವರದಿ

ಅನಂತರಾಜು ಕನಕಪುರದಲ್ಲಿ ಹದಿನೆಂಟು ವರ್ಷದಿಂದ ಪತ್ರಿಕೆಯೊಂದಕ್ಕೆ ಸುದ್ದಿ ಬರೆಯುತ್ತಿದ್ದ. 2009ರಲ್ಲಿ ರಾಮನಗರದಲ್ಲಿ ಪತ್ರಕರ್ತರಿಗೆ ಹವಾಮಾನ ಬದಲಾವಣೆಯ ತರಬೇತಿ ನಡೆದಾಗ, ಊಟ ಚೆನ್ನಾಗಿರುತ್ತದೆಂದೇ ಹೋಗಿದ್ದ. ಕಲಿಸಲು ಬಂದಿದ್ದ ಶ್ರುತಿ ಮೇಡಂ ಕೇಳಿದರು, “ನಿಮ್ಮ ಹಳೆಯ ವರದಿಗಳನ್ನು ನೆನೆಸಿಕೊಳ್ಳಿ. ಬಿಸಿಲಿನ ತಪ್ಪನ್ನು ಯಾರ ಮೇಲಾದರೂ ಹೊರಿಸಿದ್ದೀರಾ?”

ಅನಂತರಾಜುವಿಗೆ ಉಯ್ಯಂಬಳ್ಳಿಯ ಕಾವೇರಮ್ಮನ ಹುಳದ ಮನೆ ಕಣ್ಣೆದುರು ಬಂದು ನಿಂತಿತು. ಆರು ವರ್ಷದ ಹಿಂದೆ, ಕಂಡರಿಯದ ಬಿಸಿಲಿಗೆ ಅವಳ ರೇಷ್ಮೆ ಹುಳುಗಳೆಲ್ಲ ಸತ್ತಿದ್ದವು. ಹುಳು ಸೊಪ್ಪು ಮೇಯುವಾಗ ಮಳೆ ಹನಿದಂತೆ ಸದ್ದಿರುತ್ತದೆ. ಅಂದು ಅಲ್ಲಿ ಉಸಿರೂ ಕೇಳುವಷ್ಟು ಮೌನವಿತ್ತು. “ತಂಪಿಗೆ ಅಂತ ಒದ್ದೆ ಗೋಣಿ ಕಟ್ಟಿದ್ದೆ ಸ್ವಾಮಿ. ಬಿಸ್ಲು ಮೊದ್ಲಂಗಿಲ್ಲ,” ಎಂದಿದ್ದಳು. ಅವನು ರೇಷ್ಮೆ ಇಲಾಖೆಯ ಅಧಿಕಾರಿಯೊಬ್ಬರ ಮಾತು ಕೇಳಿ, ಹುಳು ಸತ್ತದ್ದು ಅವಳ ನಿರ್ಲಕ್ಷ್ಯದಿಂದ ಎಂದು ಬರೆದಿದ್ದ.

ತರಬೇತಿಯ ಊಟಕ್ಕೂ ನಿಲ್ಲದೆ ಅವನು ಕನಕಪುರಕ್ಕೆ ಹಿಂದಿರುಗಿದ. ಹುಳದ ಮನೆಯ ಆ ಮೌನ ಮೂರು ದಿನ ಬೆನ್ನು ಬಿಡಲಿಲ್ಲ. ನಾಲ್ಕನೆಯ ದಿನ ಅವಳ ಮನೆಗೆ ಹೋದ. ಗಾರ್ಮೆಂಟ್ಸ್ ಕೆಲಸದಿಂದ ಆಗತಾನೇ ಬಂದಿದ್ದ ಕಾವೇರಮ್ಮ ಗುರುತು ಹಿಡಿದಳು. ಅವನು ತಪ್ಪಾಯಿತೆಂದು ಕೇಳಿಕೊಂಡ.

“ನೀವು ಬರ್ದಿದ್ನ ನಮ್ಮತ್ತೆ ನಂಬ್ಕಂಡ್ರು ಸ್ವಾಮಿ. ಹೋದ್ ವರ್ಷ ಸಾಯೋಗಂಟ ನನ್ ಕೈಲಿ ಹುಳ ಮುಟ್ಟುಸ್ನಿಲ್ಲ.”

ಅನಂತರಾಜು ಇಪ್ಪತ್ತು ವರ್ಷದ ಉಷ್ಣಾಂಶದ ದಾಖಲೆ ಹುಡುಕಿ, ಹುಳು ಸತ್ತದ್ದು ಬಿಸಿಲಿನಿಂದ ಎಂದು, ತನ್ನ ತಪ್ಪನ್ನೂ ಸೇರಿಸಿ ಮತ್ತೆ ಬರೆದ. ಪತ್ರಿಕೆ ಅಚ್ಚು ಹಾಕಿತು. ಅದನ್ನು ತಾನೇ ಒಯ್ದು ಅವಳಿಗೆ ಓದಿ ಹೇಳಿದ. ಕಾವೇರಮ್ಮ ಪೂರ್ತಿ ಕೇಳಿ, ಗೋಡೆಯ ಮೇಲಿದ್ದ ಅತ್ತೆಯ ಫೋಟೋ ಕಡೆ ನೋಡಿದಳು.

“ಇನ್ನೊಂದ್ಸಲ ಓದಿ,” ಎಂದಳು. “ಒಸಿ ಜೋರಾಗಿ.”