ಬಿಳಿ ಕಾರಿನ ಕೆಳಗೆ ಸಿಕ್ಕ ಗಂಟೆ

ದೆವ್ವ, ಭೂತ, ಮಾಟ ಎಂದು ಯಾರಾದರೂ ಬಾಯಿಬಿಟ್ಟರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಚಿತ್ರದುರ್ಗದ ಕಾಲೇಜಿನಲ್ಲಿ ಮೂವತ್ತು ವರ್ಷ ಭೌತಶಾಸ್ತ್ರ ಹೇಳಿಕೊಟ್ಟವನು ನಾನು. ಊರ ಪಕ್ಕದ ಜೋಗಿಮಟ್ಟಿ ಕಾಡಿನಲ್ಲಿ ಏನೋ ಕಂಡೆವೆಂದು ಹೇಳಿದ ವಿದ್ಯಾರ್ಥಿಗಳನ್ನು ತರಗತಿಯ ಮುಂದೆ ನಿಲ್ಲಿಸಿ ಗೇಲಿ ಮಾಡಿದ್ದೇನೆ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಕ್ಷಮಿಸಿಬಿಡಿ. ಈಗ ನನ್ನ ಮಾತು ಕೇಳಿ ನೀವು ನಕ್ಕರೂ ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ನನಗಿರುವ ಒಂದೇ ಹುಚ್ಚು ದೊಡ್ಡ ಕಾರಿನದು. ಮೇಷ್ಟ್ರಿಗೆ ಹೊಸದೆಲ್ಲಿ ಸಿಗಬೇಕು? ಸಾಹುಕಾರರು ಓಡಿಸಿ ಬಿಟ್ಟ ಒಂದು ಕರಿ ಕಾರನ್ನು ಸೆಕೆಂಡ್ ಹ್ಯಾಂಡ್ ತಂದಿದ್ದೆ. ಚರ್ಮದ ಸೀಟು, ಬಾಗಿಲು ಹಾಕಿಕೊಂಡರೆ ಹೊರಗಿನ ಗದ್ದಲವೇ ಕೇಳುತ್ತಿರಲಿಲ್ಲ. "ಮನೆ ಮುಂದೆ ಆನೆ ತಂದು ಕಟ್ಟಿದೀರಿ, ಮೇವು ಹಾಕೋರ್ಯಾರು?" ಎಂದು ಹೆಂಡತಿ ರೇಗಿಸುತ್ತಿದ್ದಳು. ಭಾನುವಾರ ಅದರಲ್ಲಿ ಹೊಳಲ್ಕೆರೆ ದಾಟಿ ಹೊಸದುರ್ಗದ ಮಗಳ ಮನೆಗೆ ಹೋಗುವುದೆಂದರೆ ನನಗೆ ಹಬ್ಬ.

ಅಂಥ ಒಂದು ಭಾನುವಾರ ಬೆಳಿಗ್ಗೆ ಒಬ್ಬನೇ ಹೊರಟಿದ್ದೆ. ಹೊಳಲ್ಕೆರೆ ದಾಟಿದ ಮೇಲಿನ ತಿರುವಿನಲ್ಲಿ ಟಗರೊಂದು ಅಡ್ಡ ಬಂತು. ಬ್ರೇಕ್ ಒತ್ತಿದೆ, ಆಗಲೇ ತಡವಾಗಿತ್ತು. ಅದರ ಕೊರಳ ಗಂಟೆ ಕಾರಿನಡಿ ಒಮ್ಮೆ ಠಣ್ ಎಂದದ್ದು ಕೇಳಿಸಿತು. ಇಳಿದು ನೋಡುವಷ್ಟರಲ್ಲಿ ಟಗರಿನ ಉಸಿರು ನಿಂತಿತ್ತು. ಹಳ್ಳದ ಕಡೆಯಿಂದ ಮುದುಕನೊಬ್ಬ ಏದುಸಿರು ಬಿಡುತ್ತ ಓಡಿಬಂದ. ಬಿ.ದುರ್ಗದ ಕಡೆಯ ಕುರಿಗಾಹಿ ಸಣ್ಣೀರಪ್ಪ. ಅವನ ಮಗ ನನ್ನ ಶಿಷ್ಯನಾಗಿದ್ದನಂತೆ. ಗುರುತು ಹಿಡಿದವನೇ ಕೈಮುಗಿದ.

"ಮೇಷ್ಟ್ರೇ, ಯಾರು ಹೊಡೆದ್ರು, ನೋಡಿದ್ರಾ?"

ಆ ಮುಗಿದ ಕೈ ನೋಡಿ ನನಗೆ ನಿಜ ಹೇಳಲಾಗಲಿಲ್ಲ. "ಲಾರಿ. ನಿಲ್ಲಿಸದೆ ಹೋಗ್ಬಿಟ್ಟ" ಎಂದೆ. ನನ್ನ ಬಂಪರಿನ ಕಡೆ ಅವನು ತಿರುಗಿಯೂ ನೋಡಲಿಲ್ಲ.

"ನೀವಾದ್ರೂ ನಿಂತ್ರಲ್ಲ" ಎಂದ. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಟಗರಿನ ಕೊರಳಲ್ಲಿ ಗಂಟೆ ಇರಲಿಲ್ಲ. ಟಗರಿಗಿಂತ ಅವನಿಗೆ ಅದರದೇ ಸಂಕಟ. ಅದಕ್ಕೆ ಕಟ್ಟಿದ್ದ ಕರಿ ಉಣ್ಣೆಯ ದಾರವನ್ನು ತೀರಿಕೊಂಡ ಹೆಂಡತಿ ತನ್ನ ಕೈಯಾರೆ ಹೊಸೆದು, ನಡುವೆ ಒಂದು ಕೆಂಪು ಮಣಿ ಪೋಣಿಸಿದ್ದಳಂತೆ. ಇಬ್ಬರೂ ಮೊಣಕಾಲೂರಿ ಬೇಲಿಸಾಲಿನಲ್ಲಿ ಬಹಳ ಹೊತ್ತು ಹುಡುಕಿದೆವು. ಸಿಗಲಿಲ್ಲ. "ಹೋಗ್ಲಿ ಬಿಡ್ರಿ, ನಿಮ್ ಬಟ್ಟೆ ಕೊಳೆ ಆತು" ಎಂದು ಅವನೇ ನನ್ನನ್ನು ಕಳಿಸಿದ.

ಅಂದಿನಿಂದ ಆ ಕಾರು ಹತ್ತಲು ಮನಸ್ಸೇ ಬರಲಿಲ್ಲ. ಸಸ್ಪೆನ್ಷನ್ ಹೋಗಿದೆ ಎಂದು ಮನೆಯಲ್ಲೂ ಸುಳ್ಳು ಹೇಳಿದೆ. ಮಾರುವ ಮುಂಚೆ ಹೊಳಲ್ಕೆರೆಯ ಮೆಕ್ಯಾನಿಕ್ ದಾದಾಪೀರ್ ಅದನ್ನು ಮೇಲೆತ್ತಿ, ಎಂಜಿನ್ನಿನ ಕೆಳಗಿನ ಮುಚ್ಚಳ ಬಿಚ್ಚಿ, ಟಾರ್ಚ್ ಹಿಡಿದು ನೋಡಿದ. ಗಂಟೆ ಸಿಕ್ಕೀತೆಂದು ನಾನೂ ಇಣುಕಿದೆ. ಏನೂ ಇರಲಿಲ್ಲ. ಆಮೇಲೆ ಹುಬ್ಬಳ್ಳಿಯಿಂದ ಒಂದು ಬಿಳಿ ಕಾರು ತಂದೆ. ಅದೂ ಹಳೆಯದೇ, ದೊಡ್ಡದೇ, ಆದರೆ ಬೇರೆ ಕಂಪನಿಯದು. ಕರಿ ಕಾರಿನ ಒಂದು ಚಾಪೆಯನ್ನೂ ಇದಕ್ಕೆ ಹಾಕಲಿಲ್ಲ.

ಆ ತಿರುವಿನ ಸಹವಾಸವೇ ಬೇಡವೆಂದು ಐದಾರು ತಿಂಗಳು ಹಿರಿಯೂರಿನ ಮೇಲೆ ಸುತ್ತಿಕೊಂಡು ಹೊಸದುರ್ಗಕ್ಕೆ ಹೋದೆ. ಕೊನೆಗೊಂದು ಬೆಳಿಗ್ಗೆ ಹೆಂಡತಿ ಹಟ ಹಿಡಿದಳು: "ಇದ್ಯಾವ ಹುಚ್ಚು ದಾರಿ? ನೆಟ್ಟಗೆ ಹೊಳಲ್ಕೆರೆ ಮೇಲೆ ಹೋಗಾಣ." ವಿಧಿಯಿಲ್ಲದೆ ಹೋದೆ. ತಿರುವಿಗೆ ಬಂದದ್ದೇ ತಡ, ಕಾಲಡಿಯಲ್ಲಿ ಠಣ್ ಎಂದಿತು.

ಭ್ರಮೆ ಎಂದುಕೊಳ್ಳುವಷ್ಟರಲ್ಲಿ ಹೆಂಡತಿ, "ನಿಧಾನ ರೀ, ಕುರಿ ಬಂದ್ವು ಅನ್ಸುತ್ತೆ, ಗಂಟೆ ಸದ್ದು" ಎಂದಳು. ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಬ್ರೇಕ್ ಒತ್ತಿದರೆ ಠಣ್, ಬಿಟ್ಟರೆ ಠಣ್. ಕಾರು ತಿರುಗಿಸಿ ನೇರ ದಾದಾಪೀರನ ಗ್ಯಾರೇಜಿಗೆ ಬಂದೆ.

"ಸಾರ್, ಈ ಬೋಲ್ಟ್ ಬಿಚ್ಚಿ ವರ್ಷಗಟ್ಲೆ ಆಗೈತೆ. ತುಕ್ಕು ಹೆಂಗೆ ಹಿಡ್ದೈತೆ ನೋಡ್ರಿ" ಎನ್ನುತ್ತ ಅವನು ತಿಣುಕಿ ಮುಚ್ಚಳ ಕಳಚಿದ. ಗಂಟೆ ಸಿಮೆಂಟ್ ನೆಲಕ್ಕೆ ಬಿತ್ತು. ಕರಿ ಉಣ್ಣೆಯ ದಾರ. ನಡುವೆ ಒಂದು ಕೆಂಪು ಮಣಿ.

ಅಲ್ಲಿದ್ದ ಹಳೆ ಟೈರಿನ ಮೇಲೆ ಕುಸಿದು ಕೂತೆ. "ಏನ್ರೀ ಇದು, ಯಾಕ್ ಹಿಂಗೆ ಬಿಳಿಚಿಕೊಂಡ್ರಿ?" ಎಂದು ಹೆಂಡತಿ ಗಾಬರಿಯಾದಳು. ನಡೆದದ್ದನ್ನು ಅವಳಿಗೆ ಮೊದಲ ಸಲ ಹೇಳಿದೆ.

ಅದೇ ಮಧ್ಯಾಹ್ನ ಸಣ್ಣೀರಪ್ಪನನ್ನು ಹುಡುಕಿಕೊಂಡು ಹೋದೆ. ಗಂಟೆ ತೋರಿಸುವ ಮುಂಚೆಯೇ, "ಸಣ್ಣೀರಪ್ಪ, ಅವತ್ತು ಲಾರಿ ಅಲ್ಲ, ನಾನೇ" ಎಂದೆ.

"ಗೊತ್ತಿತ್ತು ಮೇಷ್ಟ್ರೇ. ಅವತ್ತು ಆ ರೋಡಿಗೆ ಲಾರಿ ಬಂದಿರ್ಲಿಲ್ಲ. ನೀವೇ ಹೇಳ್ತೀರಿ ಅಂತ ಸುಮ್ಕಿದ್ದೆ."

ತಲೆಯೆತ್ತಲಾಗದೆ ಗಂಟೆಯನ್ನು ಅವನ ಕೈಗಿಟ್ಟೆ. ಅವನು ದಾರವನ್ನು ಕಣ್ಣಿಗೊತ್ತಿಕೊಂಡು ಅತ್ತ. ಎಲ್ಲಿ ಸಿಕ್ಕಿತು ಎಂದು ಕೇಳಿದಾಗ ಕಾರಿನ ಕಡೆ ಕೈ ತೋರಿಸಿದೆ.

"ಆ ಕಾರು ಕರೇದಿತ್ತಲ್ರೀ?"

"ಹೌದು. ಅದರಲ್ಲಲ್ಲ, ಇದರಲ್ಲಿ ಸಿಕ್ತು."

ಅವನು ಬಗ್ಗಿ ಬಿಳಿ ಕಾರಿನ ತಳವನ್ನು ಬಹಳ ಹೊತ್ತು ನೋಡಿದ. ಎದ್ದು ದಾರ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡ. ಬರೀ ಗಂಟೆಯನ್ನು ನನ್ನ ಅಂಗೈಗೆ ಹಾಕಿದ.

"ದಾರ ನನ್ ಹೆಂಡ್ತೀದು, ನಾನಿಟ್ಕಂತೀನಿ. ಗಂಟೆ ನಿಮ್ಮತ್ರಾನೇ ಇರ್ಲಿ. ಅದು ನಿಮ್ಮನ್ನ ಹುಡಿಕ್ಕಂಡು ಬಂದೈತೆ."

ಇದಾಗಿ ವರ್ಷಗಳಾದವು. ಯಾರೋ ತಂದಿಟ್ಟರು ಎನ್ನೋಣವೆಂದರೆ ಆ ತುಕ್ಕು ಹಿಡಿದ ಬೋಲ್ಟು ನೆನಪಾಗುತ್ತದೆ. ಓದಿದ್ದು, ಕಲಿಸಿದ್ದು ಯಾವುದೂ ಇಲ್ಲಿ ಕೈಹಿಡಿಯಲಿಲ್ಲ. ನಿಮಗೇನಾದರೂ ಹೊಳೆದರೆ ದಯವಿಟ್ಟು ತಿಳಿಸಿ. ಇದನ್ನು ಬರೆಯುವಾಗಲೂ ಗಂಟೆ ನನ್ನ ಮೇಜಿನ ಮೇಲೇ ಇದೆ. ಬಿಳಿ ಕಾರನ್ನು ಈಗಲೂ ಓಡಿಸುತ್ತೇನೆ, ಆದರೆ ಹೊರಡುವ ಮುಂಚೆ ಮೇಜಿನ ಮೇಲೆ ಗಂಟೆ ಇದೆಯೇ ಎಂದು ಒಮ್ಮೆ ನೋಡಿಕೊಂಡೇ ಹೋಗುತ್ತೇನೆ.